ಫ್ರಿಜ್ಜಿನಲ್ಲಿಟ್ಟ ಪಾತರಗಿತ್ತಿ

ನಮ್ಮ ಮನೆಯ ಪಡಸಾಲೆಯಲ್ಲಿ, ಹುಲಿಗೆಮ್ಮನ ಫೋಟೊದ ಪಕ್ಕ, ಕಟ್ಟು ಹಾಕಿಸಿದ ಒಂದು ಪ್ರಮಾಣಪತ್ರ ತೂಗುತ್ತಿತ್ತು. ಕಾಲೇಜು ಫೆಸ್ಟ್‌ನ ಫೋಟೊಗ್ರಫಿ ಸ್ಪರ್ಧೆಯ ‘ವನ್ಯಜೀವಿ’ ವಿಭಾಗದಲ್ಲಿ ನನಗೆ ಬಂದ ಪ್ರಥಮ ಬಹುಮಾನ. ಅದು 2024ರ ಮಾರ್ಚ್, ನಾನಾಗ ಬಿ.ಇ. ಎರಡನೇ ಸೆಮಿಸ್ಟರ್. ಬಹುಮಾನದ ಫೋಟೊ ಕೂಡ ಅದರ ಜೊತೆಗೇ ಇತ್ತು: ಕೆಂಪು ದಾಸವಾಳದ ಮೇಲೆ ರೆಕ್ಕೆ ಹರಡಿ ಕೂತ ಕಿತ್ತಳೆ ಬಣ್ಣದ ಪಾತರಗಿತ್ತಿ, ರೆಕ್ಕೆಯ ಅಂಚಿನುದ್ದಕ್ಕೂ ಇಬ್ಬನಿಯ ಹನಿ. ಮನೆಗೆ ಬಂದ ಬೀಗರಿಗೆಲ್ಲ ಅವ್ವ ಅದನ್ನು ತೋರಿಸುತ್ತಿದ್ದಳು. ತೀರ್ಪುಗಾರರಾಗಿ ಬಂದಿದ್ದ ಹಿರಿಯರು ವೇದಿಕೆಯ ಮೇಲೆ ಆಡಿದ ಮಾತು ಈಗಲೂ ಕಿವಿಯಲ್ಲಿದೆ. “ಈ ವಯಸ್ಸಿಗೆ ಎಂಥಾ ತಾಳ್ಮೆ!”

ಆ ತಾಳ್ಮೆಯ ಕಥೆ ಹೀಗಿದೆ. ಹಿತ್ತಲಲ್ಲಿ ಹಾರುತ್ತಿದ್ದ ಪಾತರಗಿತ್ತಿಯ ಮೇಲೆ ಟವೆಲ್ ಹಾಕಿ ಹಿಡಿದೆ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮೊಸರಿನ ಪಾತ್ರೆಯ ಪಕ್ಕ ಫ್ರಿಜ್ಜಿನಲ್ಲಿ ಕಾಲು ಗಂಟೆ ಇಟ್ಟೆ. ಹೊರಗೆ ತೆಗೆದಾಗ ಸತ್ತಂತೆ ಮಲಗಿತ್ತು. ದಾಸವಾಳದ ಮೇಲೆ ಕೂರಿಸಿ, ಊದುಬತ್ತಿ ಕಡ್ಡಿಯಿಂದ ರೆಕ್ಕೆ ಬಿಡಿಸಿ, ಇಸ್ತ್ರಿ ಬಟ್ಟೆಗೆ ನೀರು ಹೊಡೆಯುವ ಬಾಟಲಿಯಿಂದ ‘ಇಬ್ಬನಿ’ ಸಿಂಪಡಿಸಿದೆ. ಇದನ್ನೆಲ್ಲ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ಕಲಿತಿದ್ದೆ. ದೊಡ್ಡಪ್ಪನ ಮಗನ ಹಳೆಯ ಕ್ಯಾಮೆರಾದಲ್ಲಿ ಐದು ನಿಮಿಷಕ್ಕೆ ನಲವತ್ತು ಫ್ರೇಮ್ ತೆಗೆದೆ. ಆಮೇಲೆ ಅದು ನಡುಗಿತು, ಹಾರಲು ನೋಡಿತು, ಬಿತ್ತು. ಒದ್ದೆಯಾದ ಎರಡು ರೆಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಫೋಟೊ ಹೇಗೆ ಬಂದಿವೆ ಎಂದು ನೋಡುವ ಅವಸರದಲ್ಲಿ ಒಳಗೆ ಹೋದೆ. ಸಂಜೆ ಬಂದು ನೋಡಿದರೆ ಇರುವೆಗಳು ಒಂದು ರೆಕ್ಕೆಯನ್ನು ಪಲ್ಲಕ್ಕಿಯ ಹಾಗೆ ಹೊತ್ತುಕೊಂಡು ಹೋಗುತ್ತಿದ್ದವು.

ಇದನ್ನು ಗೆಳೆಯರಿಗೆ ಹೇಳಿದಾಗ ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ. “ಫೋಟೊ ಚೆಂದ ಬಂತಿಲ್ಲೋ, ಸಾಕು ಬಿಡಲೇ” ಎಂದ ಒಬ್ಬ. ಇನ್ನೊಬ್ಬ ಸ್ವಲ್ಪ ಗಟ್ಟಿ ಪ್ರಶ್ನೆ ಕೇಳಿದ. “ಭಾನುವಾರ ಚಿಕನ್ ತಿಂತಿ, ಒಂದ್ ಹುಳ ಸತ್ತದ್ದಕ್ಕ ಇಷ್ಟ್ಯಾಕ ಅಳ್ತಿ?” ಅವನ ಮಾತಿನಲ್ಲಿ ನ್ಯಾಯವಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಿಟ್ನಾಳದ ಟೋಲ್‌ಗೇಟಿನಲ್ಲಿ ನಿಂತ ಕಾರು-ಲಾರಿಗಳ ಮೂತಿ ನೋಡಿದರೆ ಜಾಲರಿಯ ತುಂಬ ಹಳದಿ ರೆಕ್ಕೆಗಳು. ಹೆದ್ದಾರಿ ಒಂದು ದಿನದಲ್ಲಿ ಕೊಲ್ಲುವಷ್ಟನ್ನು ನನ್ನ ಫ್ರಿಜ್ಜು ಜನ್ಮದಲ್ಲಿ ಕೊಲ್ಲಲಾರದು. ಹಾಗಾಗಿ ಒಂದು ಹುಳ ಸತ್ತಿತು ಎಂಬುದಷ್ಟೇ ನನ್ನ ತಕರಾರಾಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ನಾವು ಎಂಜಿನಿಯರಿಂಗ್ ಓದುವವರು. ಲ್ಯಾಬ್ ರೆಕಾರ್ಡ್ ಎಂದರೇನು ಎಂದು ಎಲ್ಲರಿಗೂ ಗೊತ್ತು. ಡಯೋಡಿನ ಗ್ರಾಫ್ ಹೇಗೆ ಬರಬೇಕೆಂದು ಪುಸ್ತಕದಲ್ಲಿ ನೋಡಿ, ಮೊದಲು ಗೆರೆ ಎಳೆದು, ಆಮೇಲೆ ಆ ಗೆರೆಗೆ ಹೊಂದುವ ಹಾಗೆ ರೀಡಿಂಗ್ ಬರೆದುಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಮಾರ್ಕ್ಸ್ ಬರುತ್ತವೆ, ಡಯೋಡು ಮಾತ್ರ ಏನು ಮಾಡಿತು ಎಂದು ತಿಳಿಯುವುದೇ ಇಲ್ಲ. ನನ್ನ ಫೋಟೊ ಅಂಥ ರೆಕಾರ್ಡು. ಬಯಲಿನ ಪಾತರಗಿತ್ತಿ ಬೆಳಗಿನ ಇಬ್ಬನಿಯಲ್ಲಿ ದಾಸವಾಳದ ಮೇಲೆ ಕೂತಿತ್ತು ಎಂದು ಅದು ಹೇಳುತ್ತದೆ. ಅಂಥದ್ದು ನಡೆದೇ ಇಲ್ಲ. ಫೈಲಿನ ವಿವರ ತೆರೆದು ನೋಡಿದ್ದರೆ ತೀರ್ಪುಗಾರರಿಗೂ ಗೊತ್ತಾಗುತ್ತಿತ್ತು. ಕ್ಯಾಮೆರಾ ತಾನಾಗಿಯೇ ಬರೆದುಕೊಂಡಿದ್ದ ಸಮಯ ಮಧ್ಯಾಹ್ನ 1 ಗಂಟೆ 40 ನಿಮಿಷ. ಮಾರ್ಚ್ ತಿಂಗಳ ಕೊಪ್ಪಳದಲ್ಲಿ ಮಧ್ಯಾಹ್ನ ಇಬ್ಬನಿ!

ದೊಡ್ಡವರ ಲೋಕದಲ್ಲೂ ಇಂಥವು ನಡೆದಿವೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಫೋಟೊ ಸ್ಪರ್ಧೆಯಲ್ಲಿ 2009ರ ದೊಡ್ಡ ಬಹುಮಾನ ಗೇಟು ಹಾರುವ ತೋಳದ ಚಿತ್ರಕ್ಕೆ ಸಿಕ್ಕಿತ್ತು. ಅದು ಪಳಗಿಸಿದ ತೋಳವೆಂಬ ಅನುಮಾನ ಬಲವಾಗಿ, ಮುಂದಿನ ಜನವರಿಯಲ್ಲಿ ಬಹುಮಾನವನ್ನು ಹಿಂಪಡೆದರು. ಅದೇ ಸ್ಪರ್ಧೆಯ 2017ರ ಒಂದು ಬಹುಮಾನಿತ ಚಿತ್ರದಲ್ಲಿದ್ದ ಇರುವೆಬಾಕ, ಒಳಗೆ ಹುಲ್ಲು-ಹತ್ತಿ ತುಂಬಿಟ್ಟ ಬೊಂಬೆ ಎಂದು ತಜ್ಞರು ಹೇಳಿದ ಮೇಲೆ 2018ರಲ್ಲಿ ಅದೂ ಹೋಯಿತು. ಇಬ್ಬರೂ ಫೋಟೊಗ್ರಾಫರುಗಳು ಆರೋಪ ಒಪ್ಪಲಿಲ್ಲ. ಆದರೆ ಅಲ್ಲಿ ಕೇಳುವವರಾದರೂ ಇದ್ದರು. ನಮ್ಮ ಕಾಲೇಜು ಫೆಸ್ಟ್‌ಗಳಲ್ಲಿ, ಮೊಬೈಲಿನಲ್ಲಿ ಲೈಕ್ ಒತ್ತುವಾಗ, ‘ಇದನ್ನು ಹೇಗೆ ತೆಗೆದೆ?’ ಎಂದು ಕೇಳುವವರು ಯಾರು?

ನನಗೆ ಬುದ್ಧಿ ಬಂದದ್ದು ಯಾರೋ ಕೇಳಿದ್ದರಿಂದಲ್ಲ. ಬೇರೆ ಕೆಲಸವಿರಲಿಲ್ಲ, ಅಷ್ಟೆ. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಡ್ಯಾಂ ನಮ್ಮೂರಿಗೆ ಹತ್ತಿರ. ಊರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು: ನೀರೆಲ್ಲ ಹರಿದುಹೋದರೆ ಭತ್ತದ ಗತಿಯೇನು? ಅಪ್ಪ ಇಡೀ ದಿನ ಚಹಾದಂಗಡಿಯಲ್ಲಿ ಟಿವಿ ಮುಂದೆ ಕೂತಿರುತ್ತಿದ್ದ. ಗದ್ದೆ ನೋಡಿಕೊಂಡು ಬರಲು ನನ್ನನ್ನು ಕಳಿಸುತ್ತಿದ್ದ. ನಮ್ಮ ಗದ್ದೆಗೆ ನೀರು ತಿರುಗುವ ಸಣ್ಣ ತೂಬಿನ ಪಕ್ಕ ಎರಡು-ಮೂರು ಎಕ್ಕೆ ಗಿಡಗಳಿವೆ. ಅಲ್ಲಿ ಕೂತಾಗ, ಎಲೆಯ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಒಂದು ಹುಳ ಕಂಡಿತು. ಮೈಮೇಲೆ ಮೂರು ಜೊತೆ ಕರಿ ಕೋಡು.

ಎಕ್ಕೆಯನ್ನು ಮೇಕೆ ಕೂಡ ಸುಲಭಕ್ಕೆ ಮುಟ್ಟುವುದಿಲ್ಲ. ಆದರೆ ಪ್ಲೇನ್ ಟೈಗರ್ ಎಂಬ ಪಾತರಗಿತ್ತಿ ಹುಡುಕಿಕೊಂಡು ಬಂದು ಮೊಟ್ಟೆ ಇಡುವುದೇ ಇದರ ಮೇಲೆ ಮತ್ತು ಇದರ ಬಳಗದ ಗಿಡಗಳ ಮೇಲೆ. ಹುಳ ಮೊದಲು ಎಲೆಯ ನರ ಕಡಿದು ಹಾಲು ಸೋರಿಸುತ್ತದೆ, ಆಮೇಲೆ ಎಲೆ ತಿನ್ನುತ್ತದೆ. ಗಿಡದ ವಿಷವನ್ನು ತನ್ನ ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ರೆಕ್ಕೆ ಬಂದ ಮೇಲೂ ಆ ವಿಷ ಉಳಿದಿರುತ್ತದೆ. ಒಮ್ಮೆ ಕಚ್ಚಿ ನೋಡಿದ ಹಕ್ಕಿ ಮತ್ತೆ ಆ ಕಿತ್ತಳೆ ಬಣ್ಣದ ತಂಟೆಗೆ ಬರುವುದಿಲ್ಲ. ಅದಕ್ಕೇ ಪ್ಲೇನ್ ಟೈಗರ್ ಯಾರ ಭಯವೂ ಇಲ್ಲದೆ, ಸಂತೆಗೆ ಹೊರಟ ಗೌಡರ ಹಾಗೆ ನಿಧಾನಕ್ಕೆ ಹಾರುತ್ತದೆ. ಹೊಸದಾಗಿ ಕ್ಯಾಮೆರಾ ಹಿಡಿದವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಫ್ರಿಜ್ಜಿನ ಅಗತ್ಯವೇ ಬೀಳದ ಪಾತರಗಿತ್ತಿ! (ಒಂದು ಮಾತು: ಎಕ್ಕೆ ಹಾಲು ಕಣ್ಣಿಗೆ ತಾಗಬಾರದು. ಗಿಡ ಮುಟ್ಟಿದ ಕೈಯನ್ನು ತೊಳೆದುಕೊಂಡೇ ಕ್ಯಾಮೆರಾಕ್ಕೆ ಕಣ್ಣಿಡಿ.)

ಮೊಟ್ಟೆಯಿಂದ ರೆಕ್ಕೆಯವರೆಗೆ ಸುಮಾರು ಮೂರರಿಂದ ನಾಲ್ಕು ವಾರ. ಆ ಆಗಸ್ಟ್ ಪೂರ್ತಿ ನಾನು ಅದನ್ನೇ ನೋಡಿದೆ. ನನಗೆ ಮುಖ್ಯವಾಗಿ ಹೊಳೆದದ್ದು ಬೆಳಗಿನ ವಿಷಯ. ಪಾತರಗಿತ್ತಿಗೆ ನಮ್ಮ ಹಾಗೆ ಒಳಗಿನಿಂದ ಬರುವ ಬಿಸಿ ಇಲ್ಲ. ಹಾರುವ ಸ್ನಾಯುಗಳು ಸುಮಾರು 30 ಡಿಗ್ರಿಯಷ್ಟು ಬೆಚ್ಚಗಾಗುವ ತನಕ ಹೆಚ್ಚಿನವಕ್ಕೆ ಸರಿಯಾಗಿ ಹಾರಲಾಗದು. ಅದಕ್ಕೆ ಬೆಳಿಗ್ಗೆ ಬಿಸಿಲು ಬಿದ್ದ ಕಡೆ ರೆಕ್ಕೆ ಹರವಿ ಕೂತು ಮೈ ಕಾಯಿಸಿಕೊಳ್ಳುತ್ತವೆ. ಅಂದರೆ ನಾನು ಫ್ರಿಜ್ಜಿನಲ್ಲಿಟ್ಟು ಕಾಲು ಗಂಟೆಯಲ್ಲಿ ಮಾಡಿದ ಕೆಲಸವನ್ನು ರಾತ್ರಿಯೇ ಪುಕ್ಕಟೆಯಾಗಿ ಮಾಡಿಟ್ಟಿರುತ್ತದೆ, ಯಾರ ರೆಕ್ಕೆಯನ್ನೂ ಮುಟ್ಟದೆ. ಆ ರೆಕ್ಕೆಯ ಬಣ್ಣವೆಲ್ಲ ಪುಡಿಯಂಥ ಸಣ್ಣ ಹುರುಪೆಗಳು. ಬೆರಳಿಗೆ ಹತ್ತಿದ್ದು ಮತ್ತೆ ಹುಟ್ಟುವುದಿಲ್ಲ. ಕಾಲೇಜು ಬಸ್ಸು ಎಂಟಕ್ಕೆ. ಆರೂವರೆಗೆ ಬದುವಿನ ಮೇಲಿದ್ದರೆ ಒಂದು ತಾಸು ಸಿಗುತ್ತದೆ. ನನಗೆ ಆರೂವರೆಗೆ ಏಳುವುದು ಆಗುತ್ತಿರಲಿಲ್ಲ, ಹಾಗಾಗಿ ಒಂದು ಜೀವವನ್ನು ಡಬ್ಬಿಗೆ ಹಾಕಿದೆ. ಲೆಕ್ಕ ಇಷ್ಟೇ.

ತೆಗೆಯುವ ರೀತಿಯಲ್ಲಿ ಗುಟ್ಟೇನೂ ಇಲ್ಲ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ಅದರ ಕಣ್ಣು ಸುತ್ತಲೂ ಕಾಣುವಂಥದ್ದು, ಅಲುಗಾಟವನ್ನು ಚೆನ್ನಾಗಿ ಹಿಡಿಯುತ್ತದೆ. ನಿಂತು ಹೋಗದೆ ಕುಕ್ಕರಗಾಲಲ್ಲಿ ಇಂಚಿಂಚು ಸರಿಯಬೇಕು. ರೆಕ್ಕೆ ಮಡಚಿ ಕೂತಿದ್ದರೆ ಲೆನ್ಸ್‌ನ ಮುಖ ರೆಕ್ಕೆಗೆ ಸಮಾಂತರವಾಗಿರಲಿ, ಇಲ್ಲದಿದ್ದರೆ ಅರ್ಧ ರೆಕ್ಕೆ ಸ್ಪಷ್ಟ, ಅರ್ಧ ಮಸುಕು. ಅಪರ್ಚರ್ ಎಫ್/8ರ ಆಸುಪಾಸು ಇಟ್ಟರೆ ಸಾಮಾನ್ಯವಾಗಿ ಸಾಕು. ಮ್ಯಾಕ್ರೊ ಲೆನ್ಸ್ ಇಲ್ಲವೇ? ನನಗೂ ಇಲ್ಲ. ಮೊಬೈಲಿಗೆ ಸಿಕ್ಕಿಸುವ ಕೆಲವು ನೂರು ರೂಪಾಯಿಯ ಲೆನ್ಸಿನಲ್ಲಿ ಹುಲ್ಲಿನೊಳಗಿನ ಗ್ರಾಸ್ ಜ್ಯುವೆಲ್ ತೆಗೆದಿದ್ದೇನೆ. ದೇಶದ ಅತಿ ಸಣ್ಣ ಪಾತರಗಿತ್ತಿಗಳಲ್ಲಿ ಅದೊಂದು, ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಹೊಳೆಯಾಚೆ ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರೂ ಆಗಿದ್ದರು, ಹೆಸರಾಂತ ವನ್ಯಜೀವಿ ಫೋಟೊಗ್ರಾಫರೂ ಆಗಿದ್ದರು. ಅವರದು ಫಿಲ್ಮಿನ ಕಾಲ, ಒಂದು ರೋಲಿಗೆ 36 ಚಿತ್ರ. ನಾನು ಒಂದೇ ಬೆಳಿಗ್ಗೆ ಇನ್ನೂರು ಹೊಡೆದು, ಬಸ್ಸಿನಲ್ಲಿ ಕೂತು ನೂರತೊಂಬತ್ತು ಅಳಿಸುತ್ತೇನೆ.

ಉಳಿದ ಹತ್ತರಿಂದಲೇ ನನಗೆ ಪೆಟ್ಟು ಬಿದ್ದದ್ದು. 2020ರಿಂದ ಪ್ರತಿ ಸೆಪ್ಟೆಂಬರ್ ದೇಶದಲ್ಲಿ ‘ಬಿಗ್ ಬಟರ್‌ಫ್ಲೈ ಮಂತ್’ ನಡೆಯುತ್ತದೆ. ಯಾರು ಬೇಕಾದರೂ ತಮ್ಮೂರಿನ ಪಾತರಗಿತ್ತಿಯ ಫೋಟೊ, ಜಾಗ, ದಿನಾಂಕ ಸೇರಿಸಬಹುದು. ಐ-ನ್ಯಾಚುರಲಿಸ್ಟ್‌ನಲ್ಲಿ ‘ಪ್ಲೇನ್ ಟೈಗರ್’ ಎಂದು ನಾನು ಹಾಕಿದ್ದ ಚಿತ್ರಗಳಲ್ಲಿ ಒಂದನ್ನು ಯಾರೋ ತಿದ್ದಿದರು: ಇದು ಡಾನೈಡ್ ಎಗ್‌ಫ್ಲೈ, ಹೆಣ್ಣು. ನಾನು ನಂಬಲಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್‌ನ ವಿಜ್ಞಾನಿ ಕೃಷ್ಣಮೇಘ ಕುಂಟೆಯವರ ತಂಡದ ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ತಾಣ ತೆರೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಎಗ್‌ಫ್ಲೈಗೆ ಮೈಯಲ್ಲಿ ವಿಷವಿಲ್ಲ, ಅದರ ಹೆಣ್ಣು ಪ್ಲೇನ್ ಟೈಗರಿನ ವೇಷ ಹಾಕಿಕೊಂಡು ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತದೆ. ಗಂಡಿಗೆ ಈ ವೇಷ ಇಲ್ಲ, ಅದು ಕಪ್ಪು ಮೈ, ದೊಡ್ಡ ಬಿಳಿ ಮಚ್ಚೆ. ವೇಷದಲ್ಲಿ ಒಂದು ಕೊರತೆ ಇದೆ. ಪ್ಲೇನ್ ಟೈಗರಿನ ಹಿಂದಿನ ರೆಕ್ಕೆಯ ನಡುಭಾಗದಲ್ಲಿ ಕರಿ ಚುಕ್ಕೆಗಳ ಗುಂಪು ಇರುತ್ತದೆ: ಗಂಡಿಗೆ ನಾಲ್ಕು, ಹೆಣ್ಣಿಗೆ ಮೂರು. ಎಗ್‌ಫ್ಲೈಗೆ ಆ ಗುಂಪು ಇಲ್ಲ.

ಎದ್ದು ಪಡಸಾಲೆಗೆ ಹೋಗಿ ಗೋಡೆಯ ಮೇಲಿದ್ದ ಬಹುಮಾನದ ಫೋಟೊ ನೋಡಿದೆ. ನಡುವೆ ಚುಕ್ಕೆಗಳಿರಲಿಲ್ಲ.

ಕೈಯಾರೆ ಹಿಡಿದು, ರೆಕ್ಕೆ ಬಿಡಿಸಿ, ನಲವತ್ತು ಸಲ ಕ್ಲಿಕ್ಕಿಸಿ, ಕಟ್ಟು ಹಾಕಿಸಿ, ಆರು ತಿಂಗಳು ದಿನಾ ಅದರ ಮುಂದೆ ಓಡಾಡಿದವನಿಗೆ ಅದು ಯಾವ ಪಾತರಗಿತ್ತಿ ಎಂದೇ ಗೊತ್ತಿರಲಿಲ್ಲ. ಪ್ರಮಾಣಪತ್ರದಲ್ಲಿ ‘ಪ್ಲೇನ್ ಟೈಗರ್’ ಎಂದೇ ಇದೆ. ಆ ವೇಷ ಹೆಣ್ಣಿಗೆ ಮಾತ್ರ ಇರುವುದರಿಂದ ಅದು ಹೆಣ್ಣೇ. ಹಿತ್ತಲಲ್ಲಿ ಹೂವೇ ಇಲ್ಲದ ಕಡೆ ನೆಲಮಟ್ಟದಲ್ಲಿ ಯಾಕೆ ಸುತ್ತುತ್ತಿತ್ತು ಎಂದು ಈಗ ಊಹಿಸಬಲ್ಲೆ. ಅದು ಮೊಟ್ಟೆ ಇಡುವುದು ಗೋಳಿ ಸೊಪ್ಪಿನ ಮೇಲೆ. ಬಚ್ಚಲ ನೀರು ಹರಿಯುವ ಕಡೆ ನಮ್ಮಲ್ಲಿ ಅದು ಸಾಕಷ್ಟಿದೆ, ಅವ್ವ ಕಿತ್ತು ಪಲ್ಯ ಮಾಡುತ್ತಾಳೆ. ಮೊಟ್ಟೆ ಇಟ್ಟು ಮುಗಿಸಿತ್ತೋ, ಇಡುವ ಮೊದಲೇ ನನ್ನ ಟವೆಲ್ ಬಿತ್ತೋ, ಯಾರಿಗೆ ಗೊತ್ತು. ಡಬ್ಬಿಗೆ ಹಾಕದೆ ಹತ್ತು ನಿಮಿಷ ಸುಮ್ಮನೆ ಹಿಂದೆ ಹೋಗಿದ್ದರೆ ಅದು ತಾನೇ ತೋರಿಸುತ್ತಿತ್ತು. ಆ ಫೋಟೊ, ಚೆಂದ ಇರಲಿ ಬಿಡಲಿ, ದಾಸವಾಳದ ಫೋಟೊಗಿಂತ ಸಾವಿರ ಪಾಲು ಮೇಲಾಗಿರುತ್ತಿತ್ತು.

ಇಲ್ಲಿಯವರೆಗೆ ನನ್ನ ತಪ್ಪಿನ ಮಾತಾಯಿತು. ಇನ್ನೊಂದು ತಂಟೆ ಅಪ್ಪನದು. ಕಳೆದ ವರ್ಷ ಒಂದು ದಿನ ಕಾಲೇಜಿನಿಂದ ಬಂದು ನೋಡಿದರೆ ಬದುವಿನುದ್ದಕ್ಕೂ ಹಸಿರೆಲ್ಲ ಹಳದಿಗೆ ತಿರುಗಿ ಬಾಗಿತ್ತು. ಕಸದ ಎಣ್ಣಿ ಹೊಡೆಸಿದ್ದ. ನಾನು ಕೂಗಾಡಿದೆ. ಅಪ್ಪ ಶಾಂತವಾಗಿಯೇ ಹೇಳಿದ. “ಬದುವಿನ ಕಸದಾಗ ಇಲಿ ಬಿಲ ತೋಡಿದ್ರ ನೀರು ನಿಲ್ಲಂಗಿಲ್ಲ. ಆಳು ಹಚ್ಚಿ ಕೀಳ್ಸೂಣಂದ್ರ ಯಾರ್ ಬರ್ತಾರ? ನೀ ಬರ್ತೀಯೇನು? ನಿನ್ನ ಫೋಟೊ ಸಲುವಾಗಿ ನಾ ಭತ್ತ ಬಿಡ್ಲೇನು?” ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಕಾಲೇಜು ಫೀಸು ಬರುವುದೂ ಆ ಭತ್ತದಿಂದಲೇ.

ಆದರೆ ತೂಬಿನ ಪಕ್ಕದ ಎಕ್ಕೆ ಗಿಡಗಳಿಗೆ ಒಂದು ಹನಿಯೂ ಬಿದ್ದಿರಲಿಲ್ಲ. ಅವ್ವ ಮೊದಲೇ ಹೇಳಿಟ್ಟಿದ್ದಳಂತೆ: ಶನಿವಾರ ಹನುಮಪ್ಪನಿಗೆ ಎಕ್ಕಿ ಹೂವಿನ ಮಾಲೆ ಬೇಕು, ರಥಸಪ್ತಮಿಗೆ ತಲೆ ಮೇಲೆ ಇಟ್ಟುಕೊಂಡು ಎರೆದುಕೊಳ್ಳಲು ಎಲೆ ಬೇಕು, ಆ ಗಿಡಕ್ಕೆ ಕೈ ಹಚ್ಚಬೇಡಿ. ಅಂಜನಾದ್ರಿ ಬೆಟ್ಟ ಇರುವ ಸೀಮೆಯಲ್ಲಿ ಅವ್ವನ ಈ ಮಾತಿಗೆ ಎದುರಿಲ್ಲ. ನಾನು ಫೋನಿನಲ್ಲಿ ತೋರಿಸಿ ತೋರಿಸಿ ಹೇಳಿದ ಜೀವವೈವಿಧ್ಯಕ್ಕೆ ಸಿಗದ ಎರಡು ಗಜ ಜಾಗ ಹನುಮಪ್ಪನ ಮಾಲೆಗೆ ಸಿಕ್ಕಿತು. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಆಮೇಲಿಂದ ನನ್ನ ಬೇಡಿಕೆಯೂ ಸಣ್ಣದಾಗಿದೆ. ನಮ್ಮ ಕಡೆ ಯಾರಾದರೂ ಪಾತರಗಿತ್ತಿ ಎಂದ ತಕ್ಷಣ ‘ಇಲ್ಲೂ ಒಂದು ಚಿಟ್ಟೆ ಪಾರ್ಕ್ ಆಗಬೇಕು’ ಎನ್ನುತ್ತಾರೆ. 2006ರಲ್ಲಿ ಬನ್ನೇರುಘಟ್ಟದಲ್ಲಿ ಶುರುವಾದದ್ದು ದೇಶದ ಮೊದಲ ಚಿಟ್ಟೆ ಉದ್ಯಾನ. ಮಕ್ಕಳು ನೋಡಲಿ, ಒಳ್ಳೆಯದೇ. ಆದರೆ ಕಾಲುವೆಯ ದಂಡೆಯನ್ನು ಜೆಸಿಬಿಯಿಂದ ಕೆರೆದು, ಅಲ್ಲಿದ್ದ ಎಕ್ಕೆ, ತಂಗಡಿಯನ್ನೆಲ್ಲ ಕಿತ್ತು, ಆಮೇಲೆ ಬೇಲಿ ಹಾಕಿ ನರ್ಸರಿಯ ಬಣ್ಣದ ಹೂ ನೆಟ್ಟು ಟಿಕೆಟ್ ಇಡುವುದರಲ್ಲಿ ಅರ್ಥವಿಲ್ಲ. ಹೂವಿನಿಂದ ಪಾತರಗಿತ್ತಿಯ ಹೊಟ್ಟೆ ತುಂಬಬಹುದು. ಹುಳಕ್ಕೆ ಬೇಕಾದದ್ದು ಎಲೆ, ಅದೂ ಅದರದೇ ಗಿಡದ ಎಲೆ. ಹೆದ್ದಾರಿಯ ನಡುವೆ ನೆಟ್ಟ ಕಾಗದದ ಹೂವಿನ ಗಿಡದ ಮೇಲೆ ನಾನು ಇಲ್ಲಿಯತನಕ ಒಂದು ಪಾತರಗಿತ್ತಿ ಹುಳವನ್ನೂ ಕಂಡಿಲ್ಲ. ರಾಜ್ಯದ ಚಿಟ್ಟೆ ಯಾವುದು ಎಂದು ಕ್ವಿಜ್‌ನಲ್ಲಿ ಕೇಳಿದರೆ ‘ಸದರ್ನ್ ಬರ್ಡ್‌ವಿಂಗ್’ ಎಂದು ನಾವೆಲ್ಲ ಹೇಳುತ್ತೇವೆ. ಅದು ಮಲೆನಾಡಿನದು. ತೂಬಿನ ಪಕ್ಕ ಹುಟ್ಟುವುದರ ಹೆಸರು ನಮಗೆ ಗೊತ್ತಿಲ್ಲ. ನಮ್ಮ ಮಾತಿನಲ್ಲಿ ಎಲ್ಲವೂ ಪಾತರಗಿತ್ತಿಯೇ. ಬೇಂದ್ರೆಯವರ ಪದ್ಯದಿಂದ ನಾಡಿಗೆಲ್ಲ ಗೊತ್ತಾದ ಪದ, ಚೆಂದದ ಪದ, ಆದರೆ ಒಂದೇ ಪದ.

ಸ್ಪರ್ಧೆ ನಡೆಸುವವರಿಗೂ ಒಂದು ಮಾತಿದೆ. ಅರ್ಜಿಯಲ್ಲಿ ಎರಡು ಸಾಲು ಸೇರಿಸಿ: ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ತೆಗೆದಿರಿ? ಆ ಚಿತ್ರದ ಹಿಂದಿನ ಹತ್ತು, ಮುಂದಿನ ಹತ್ತು ಫ್ರೇಮ್ ಕೇಳಿ. ಬಯಲಿನಲ್ಲಿ ತೆಗೆದವನ ಹತ್ತಿರ ಮಸುಕಾದ ಹತ್ತಾರು ಚಿತ್ರ ಇದ್ದೇ ಇರುತ್ತವೆ: ಖಾಲಿ ಎಲೆ, ಅರ್ಧ ರೆಕ್ಕೆ, ತನ್ನದೇ ನೆರಳು. ಫ್ರಿಜ್ಜಿನಿಂದ ತೆಗೆದವನ ಹತ್ತಿರ ಒಂದೇ ಜಾಗದ, ಒಂದೇ ಭಂಗಿಯ ನಲವತ್ತು ಇರುತ್ತವೆ. ಹಿಡಿದು, ತಣ್ಣಗೆ ಮಾಡಿ, ಅಂಟಿಸಿ ತೆಗೆದದ್ದಕ್ಕೆ ‘ವನ್ಯಜೀವಿ’ ವಿಭಾಗದಲ್ಲಿ ಜಾಗವಿಲ್ಲ ಎಂದು ಬರೆದುಬಿಡಿ. ನನ್ನಂಥವರು ಅರ್ಧ ಜನ ಅಲ್ಲೇ ವಾಪಸ್ ಹೋಗುತ್ತಾರೆ. ನನ್ನ ಬಹುಮಾನದ ಬಗ್ಗೆ ಸ್ಪರ್ಧೆ ನೋಡಿಕೊಂಡಿದ್ದ ಸರ್ ಹತ್ತಿರ ಈ ಸೆಮಿಸ್ಟರ್‌ನಲ್ಲಿ ಹೋಗಿ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಈಗ ಹೇಳಿದ್ದು ಒಳ್ಳೇದಾಯ್ತು, ಎರಡನೇ ಬಹುಮಾನ ಬಂದವನಿಗೂ ಒಂದು ಮಾತು ಹೇಳು” ಎಂದರು. ಅದು ನನಗೆ ತೋಚಿರಲೇ ಇಲ್ಲ. ಅವನು ನಮ್ಮ ಸೀನಿಯರ್. ಈಗ ಕೋರ್ಸ್ ಮುಗಿಸಿ ಬೆಂಗಳೂರಿನಲ್ಲಿದ್ದಾನೆ. ಫೋನ್ ಮಾಡಿದೆ. ಅವನದು ಕೊಕ್ಕರೆಯ ಫೋಟೊ. ಮೂರು ದಿನ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಕೂತಿದ್ದನಂತೆ. ಬಯ್ಯಲಿಲ್ಲ. ಮುಂದೆ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಅವ್ವ ಪೇಪರ್ ಓದುತ್ತಾಳೆ. ಇದು ಅಚ್ಚಾದರೆ ಹೇಗೂ ಗೊತ್ತಾಗುತ್ತದೆಂದು ನಿನ್ನೆ ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳಿದೆ. ಅವಳಿಗೆ ಬಹುಮಾನದ ವಿಷಯ ಕೇಳಿಸಲೇ ಇಲ್ಲ. “ಫ್ರಿಜ್ಜಿನ್ಯಾಗ ಹುಳ ಇಟ್ಟಿದ್ದೇನಲೇ? ಮಸರಿನ ಬಾಜೂಕ?” ಎಂದಳು. ಅಪ್ಪ ನಕ್ಕು ನೀರು ನೆತ್ತಿಗೇರಿಸಿಕೊಂಡ.

ಪ್ರಮಾಣಪತ್ರ, ಫೋಟೊ ಎರಡನ್ನೂ ಇವತ್ತು ಬೆಳಿಗ್ಗೆ ಇಳಿಸಿದೆ. ಆ ಮೊಳೆಗೆ ಎಕ್ಕೆ ಎಲೆ ಮೇಲಿನ ಪಟ್ಟೆ ಹುಳದ ಚಿತ್ರ ಹಾಕೋಣ ಎಂದೆ. ಪಡಸಾಲೆಯಲ್ಲಿ ಹುಳದ ಫೋಟೊ ಬೇಡ ಎಂದು ಅವ್ವ ಖಡಾಖಂಡಿತವಾಗಿ ಹೇಳಿದ್ದಾಳೆ.